ಎಷ್ಟು ದೂರ? ಎಷ್ಟು ಹೊತ್ತು?

ನಮ್ಮ ಕಡೆಯ ಹಳ್ಳಿಗಳಲ್ಲಿ ದಾರಿಹೋಕನೊಬ್ಬ 'ಊರು ಇನ್ನೆಷ್ಟು ದೂರ?' ಎಂದು ವಿಚಾರಿಸಿದರೆ ಮೈಲಿಯ ಲೆಕ್ಕದಲ್ಲಿ ಉತ್ತರ ಸಿಕ್ಕುವುದು ಅಪರೂಪ. 'ಇಗೋ, ಒಂದು ಬೀಡಿ ಸೇದೋ ಹೊತ್ತು' ಎಂದಾನು ಒಬ್ಬ. 'ಹೊತ್ತು ಇಳಿಯೋದ್ರೊಳಗೆ ಸೇರ್ಕೊಂತೀರಿ ನಡೀರಿ' ಎಂದಾಳು ಇನ್ನೊಬ್ಬಳು. ದೂರವನ್ನು ಕೇಳಿದವನ ಕೈಗೆ ಕಾಲವನ್ನು ಕೊಟ್ಟು ಕಳಿಸುವುದು ನಮ್ಮ ಜನರ ಹಳೆಯ ರೂಢಿ. ಕನ್ನಡದ ಅಳತೆಯ ಮಾತುಗಳಲ್ಲಿಯೂ ಕೋಲು ಹಗ್ಗಗಳಿಗಿಂತ ಮನುಷ್ಯನ ಮೈಯೇ ಮುಂದಾಗಿದೆ. ಕೂಗಿದರೆ ಕೇಳಿಸುವಷ್ಟು ದೂರ ಕೂಗಳತೆ. ಕೈ ಚಾಚಿದರೆ ಮಾರು. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಗಾವುದ ಎಂದರೆ ಸುಮಾರು ಹನ್ನೆರಡು ಎಂದು ಅರ್ಥ ಹೇಳುತ್ತೇವೆ. ಆದರೆ ನಡೆದು ದಣಿದವನ ಹರದಾರಿಯೂ ಗಾಡಿಯಲ್ಲಿ ಕುಳಿತವನ ಹರದಾರಿಯೂ ಒಂದೇ ಎಂದು ನಂಬುವುದು ನನಗಂತೂ ಕಷ್ಟ.

ಈ ರೂಢಿ ಈಗಲೂ ಹೋಗಿಲ್ಲ. ತರಗತಿಯಲ್ಲಿ ಗಾವುದದ ಅರ್ಥ ಹೇಳುತ್ತಿದ್ದಾಗ ಮಾತಿಗೆ ಮಾತು ಬಂದು, ಬೆಂಗಳೂರಿನಿಂದ ಸಿಂಗಪುರಕ್ಕೆ ಎಷ್ಟು ದೂರವೆಂದು ನಾನು ಕೇಳಿದೆ. 'ನಾಲ್ಕೂವರೆ ಗಂಟೆ ಸಾರ್' ಎಂದಿತು ಹಿಂದಿನ ಬೆಂಚು. ಸಮುದ್ರಗಳನ್ನು ದಾಟಿ ಹೋಗುವ ದಾರಿಯೂ ಅವರಿಗೆ ಹೊತ್ತಿನ ಲೆಕ್ಕವೇ. ಅದು ತಪ್ಪು ಉತ್ತರವೆಂದು ನಾನು ಹೇಳಲಿಲ್ಲ. ಏಕೆಂದರೆ ದೂರವನ್ನು ಕಾಲದಿಂದ ಅಳೆಯುವ ವಿದ್ಯೆ ದೊಡ್ಡ ಶಾಸ್ತ್ರವಾಗಿ ಬೆಳೆದಿದೆ; ಆ ಶಾಸ್ತ್ರದ ಒಂದು ನೆಲೆ ನಮ್ಮ ಗೌರಿಬಿದನೂರಿನಲ್ಲಿಯೇ ಉಂಟು. ಅಲ್ಲಿಗೆ ಬರುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದಕ್ಕೆ ಎಂದರೆ ಬಹಳ ಹಿಂದಕ್ಕೇನೂ ಅಲ್ಲ. ೧೯೩೫ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಬೆಂಗಳೂರಿಗೆ ನಡೆದು ಹೋದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಬೇಕೆಂಬುದು ಅವನ ಆಸೆ. ಬಸ್ಸಿನ ಚಾರ್ಜಿಗೆ ಕೈಯಲ್ಲಿ ಕಾಸಿರಲಿಲ್ಲ. ಐವತ್ತು ಮೈಲಿಗೂ ಮಿಗಿಲಾದ ಹಾದಿ, ಎರಡು ದಿನದ ನಡಿಗೆ. ಆ ಹುಡುಗನೇ ಮುಂದೆ ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯನವರು. ಅವರು ನಡೆದು ಹೋದ ಕಾಲಕ್ಕೆ ಗೌರಿಬಿದನೂರಿನ ಮೇಲೆ ಬೆಂಗಳೂರು–ಹಿಂದೂಪುರದ ರೈಲು ಓಡತೊಡಗಿ ನಲವತ್ತು ವರ್ಷಗಳೇ ಕಳೆದಿದ್ದವು ಎಂಬುದನ್ನು ನೆನೆಯಬೇಕು. ಎರಡು ಊರುಗಳ ನಡುವಿನ ದೂರ ಎಲ್ಲರಿಗೂ ಒಂದೇ. ಹೊತ್ತು ಮಾತ್ರ ಜೇಬಿಗೆ ತಕ್ಕಂತೆ.

ಇನ್ನು, ದೂರ ಎಲ್ಲರಿಗೂ ಒಂದೇ ಎಂದೆನಲ್ಲ, ಆ 'ಒಂದು' ಎಷ್ಟೆಂದು ತಿಳಿದದ್ದು ಹೇಗೆ? ಅದರ ಕಥೆ ಬೆಂಗಳೂರಿನಲ್ಲಿ ಮೊದಲಾಗುತ್ತದೆ. ಶ್ರೀರಂಗಪಟ್ಟಣ ಬಿದ್ದು, ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ ಮಡಿದದ್ದು ೧೭೯೯ರಲ್ಲಿ. ಆ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಇಂಗ್ಲಿಷ್ ಅಧಿಕಾರಿ, ಗೆದ್ದ ಸೀಮೆಯನ್ನೆಲ್ಲ ತ್ರಿಕೋನಗಳಿಂದ ಅಳೆಯಬಹುದೆಂದು ಕಂಪನಿ ಸರ್ಕಾರಕ್ಕೆ ಬರೆದುಕೊಂಡ. ಒಂದು ನೇರ ಗೆರೆಯನ್ನು ನೆಲದ ಮೇಲೆ ಕೂದಲೆಳೆಯಷ್ಟೂ ತಪ್ಪದಂತೆ ಅಳೆದರೆ ಸಾಕು. ಅದರ ಎರಡು ತುದಿಗಳಿಂದ ದೂರದ ಬೆಟ್ಟವನ್ನು ನೋಡಿ ಕೋನಗಳನ್ನು ಹಿಡಿದರೆ, ಮಿಕ್ಕ ಎರಡು ಬದಿಗಳು ನಡೆಯದೆಯೇ ಸಿಕ್ಕುತ್ತವೆ. ಆ ಬದಿಗಳ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು.

ಮೊದಲ ಗೆರೆಯನ್ನು ಆತ ಅಳೆದದ್ದು ಬೆಂಗಳೂರಿನ ಬಯಲಿನಲ್ಲಿ, ೧೮೦೦ನೆಯ ಇಸವಿಯ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಗೆರೆಯ ಉದ್ದ ಏಳೂವರೆ ಮೈಲಿಗೆ ತುಸು ಕಡಿಮೆ. ಹಿಡಿದ ಕಾಲ ಎರಡು ತಿಂಗಳ ಹತ್ತಿರ ಹತ್ತಿರ. ಬರಿಗಾಲಿನ ಹುಡುಗ ಒಂದು ಬೆಳಗಿನಲ್ಲಿ ನಡೆದುಬಿಡುವ ದೂರಕ್ಕೆ ಎರಡು ತಿಂಗಳು! ನೂರು ಅಡಿಯ ಉಕ್ಕಿನ ಸರಪಳಿಯನ್ನು ಮರದ ಪೆಟ್ಟಿಗೆಗಳ ಸಾಲಿನಲ್ಲಿ ಮಲಗಿಸಿ, ಬಿಸಿಲಿಗೆ ಉಕ್ಕು ಹಿಗ್ಗೀತೆಂದು ಮೇಲೆ ನೆರಳು ಕಟ್ಟಿ, ಪಕ್ಕದಲ್ಲಿ ಉಷ್ಣಮಾಪಕಗಳನ್ನಿಟ್ಟು ಒಂದೊಂದು ಸಲದ ಶಾಖವನ್ನೂ ಬರೆದುಕೊಂಡು ಮುಂದೆ ಸಾಗಬೇಕಾಗಿತ್ತು. ಆ ಸರಪಳಿಗೂ ಒಂದು ಪೂರ್ವಕಥೆ ಉಂಟು. ಅದು ನಮ್ಮ ದೇಶಕ್ಕೆಂದು ತಂದದ್ದಲ್ಲ. ೧೭೯೩ರಲ್ಲಿ ಇಂಗ್ಲೆಂಡಿನ ರಾಯಭಾರಿ ಮೆಕಾರ್ಟ್ನಿ ಚೀನಾದ ಚಕ್ರವರ್ತಿಗೆ ಕೊಂಡೊಯ್ದ ಕಾಣಿಕೆಗಳಲ್ಲಿ ಅದೂ ಒಂದು. ಚಕ್ರವರ್ತಿಗೆ ಅದು ಬೇಡವಾಯಿತು. ರಾಯಭಾರದ ಜೊತೆಗಿದ್ದ ವಿಜ್ಞಾನಿ ಡಿನ್‌ವಿಡ್ಡಿ ಅದನ್ನು ಕಲ್ಕತ್ತೆಗೆ ತಂದ. ಅಲ್ಲಿಂದ ಅದು ಲ್ಯಾಂಬ್ಟನ್ನನ ಕೈ ಸೇರಿತು. ಚೀನಾದಲ್ಲಿ ಮುಗಿಯಬೇಕಾಗಿದ್ದ ಸರಪಳಿಯ ಯಾತ್ರೆ ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಮೊದಲಾಯಿತು.

ಮುಂದೆ ೧೮೦೨ರಲ್ಲಿ ಮದರಾಸಿನ ಸೇಂಟ್ ತಾಮಸ್ ಬೆಟ್ಟದ ಬಳಿ ಇನ್ನೊಂದು ಗೆರೆಯನ್ನು ಅಳೆದು, ಅಲ್ಲಿಂದ ಪಡುವಣಕ್ಕೆ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಮೈಸೂರು ಸೀಮೆಯನ್ನು ದಾಟಿ ಮಂಗಳೂರಿನ ಕಡಲನ್ನು ಮುಟ್ಟಿದಾಗ ಒಂದು ಚೋದ್ಯ ಹೊರಬಿತ್ತು. ಅದುವರೆಗಿನ ಭೂಪಟದಲ್ಲಿ ಕಡಲಿನಿಂದ ಕಡಲಿಗೆ ನಾನೂರು ಮೈಲಿ ಎಂದಿದ್ದುದು ವಾಸ್ತವವಾಗಿ ಮುನ್ನೂರ ಅರವತ್ತೇ! ನಲವತ್ತು ಮೈಲಿಯ ನೆಲ ಒಂದೇ ಏಟಿಗೆ ಮಾಯವಾಯಿತು. ಆ ನಲವತ್ತು ಮೈಲಿ ಹುಟ್ಟಿದ್ದು ನಡೆದವರ ಲೆಕ್ಕದಿಂದ, ಹೊತ್ತಿನ ಲೆಕ್ಕದಿಂದ ಎಂದು ನನ್ನ ಊಹೆ. ದಾರಿ ಸುತ್ತು ಬಳಸಿ ಹೋಗುತ್ತದೆ, ಎತ್ತು ಘಟ್ಟದಲ್ಲಿ ನಿಧಾನಿಸುತ್ತದೆ. ದಿನಗಳನ್ನು ಕೂಡಿ ಮೈಲಿ ಮಾಡಿದರೆ ನೆಲ ಹಿಗ್ಗದೆ ಏನು ಮಾಡೀತು? ಲ್ಯಾಂಬ್ಟನ್ ತನ್ನ ಕೆಲಸದ ನಡುವೆಯೇ ೧೮೨೩ರಲ್ಲಿ ಹಿಂಗನಘಾಟಿನಲ್ಲಿ ತೀರಿಕೊಂಡ. ಅವನು ಮೊದಲು ಮಾಡಿದ ಅಳತೆ ಹಿಮಾಲಯದವರೆಗೆ ಹೋಗಿ ಶಿಖರಗಳ ಎತ್ತರವನ್ನು ಕಂಡುಹಿಡಿದದ್ದು ಎಲ್ಲರೂ ಬಲ್ಲ ಸಂಗತಿ.

ದೂರ ಹೀಗೆ ಖಚಿತವಾಯಿತು, ಹೊತ್ತು ಆಗಿರಲಿಲ್ಲ. ಒಂದೊಂದು ಊರಿನ ಮಧ್ಯಾಹ್ನವೂ ಆ ಊರಿನ ಸೂರ್ಯನದು. ಮದರಾಸಿನ ನೆತ್ತಿಯ ಮೇಲೆ ಸೂರ್ಯ ಬಂದು ಹತ್ತು ನಿಮಿಷಕ್ಕೂ ಹೆಚ್ಚು ಕಳೆದ ಮೇಲೆ ಬೆಂಗಳೂರಿಗೆ ನಡುಹಗಲು. ಎತ್ತಿನ ಗಾಡಿಯ ಕಾಲದಲ್ಲಿ ಹತ್ತು ನಿಮಿಷ ಯಾರಿಗೆ ಬೇಕು! ೧೮೬೪ರಲ್ಲಿ ಬೆಂಗಳೂರು ದಂಡಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದ ಮೇಲೆ ಬೇಕಾಯಿತು. ಮದರಾಸಿನ ವೀಕ್ಷಣಾಲಯದ ಗಡಿಯಾರ ದೇಶದ ಬಹುಭಾಗದ ರೈಲುಗಳ ಗಡಿಯಾರವಾಯಿತು. ೧೯೦೬ರ ಜನವರಿ ೧ರಿಂದ ಇಡೀ ದೇಶಕ್ಕೆ ಒಂದೇ ಕಾಲಮಾನ ಬಂತು. ಆ ಲೆಕ್ಕದಲ್ಲಿ ಗೌರಿಬಿದನೂರಿನ ಸೂರ್ಯ ಗಡಿಯಾರಕ್ಕಿಂತ ಸುಮಾರು ಇಪ್ಪತ್ತು ನಿಮಿಷ ಹಿಂದೆ, ಹಳೆಯ ಮಾತಿನಲ್ಲಿ ಒಂದು ಗಳಿಗೆಗೆ ಸ್ವಲ್ಪ ಕಡಿಮೆ. ನಮ್ಮೂರಿನವರು ಸಭೆಗೆ ತಡವಾಗಿ ಬರುವುದಕ್ಕೆ ಇದನ್ನು ಕಾರಣವಾಗಿ ಹೇಳಬಹುದು.

ವಿಮಾನದ ಮಾತನ್ನು ಬೇಗ ಮುಗಿಸುತ್ತೇನೆ. ಅದು ಎಲ್ಲರಿಗೂ ಗೊತ್ತಿರುವುದೇ. ೧೯೩೨ರ ಅಕ್ಟೋಬರ್ ೧೫ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆಯ ಚೀಲ ಹೊತ್ತ ಪುಟ್ಟ ವಿಮಾನವನ್ನು ಹಾರಿಸಿ ತಂದರು. ಅದನ್ನು ಮುಂದೆ ಮದರಾಸಿಗೆ ಒಯ್ದವನು ವಿನ್ಸೆಂಟ್. ನಡುವೆ ಇಳಿದ ಊರು ನಮ್ಮ ಬಳ್ಳಾರಿ. ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದದ್ದು ೨೦೦೮ರ ಮೇ ೨೪ರಂದು. ಆ ಮೇಲೆ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟಗಳ ಜನಕ್ಕೆ ಸಿಂಗಪುರದ ದಾರಿ ಬೆಂಗಳೂರಿನ ಮೆಜೆಸ್ಟಿಕ್ಕಿಗಿಂತ ಹತ್ತಿರದಲ್ಲಿ ಮೊದಲಾಗುತ್ತದೆ.

ವಿಮಾನದ ದೂರವೆಂದರೆ ಗೋಳದ ಮೇಲೆ ಎರಡು ಊರುಗಳ ನಡುವೆ ಬಿಗಿಯಾಗಿ ಎಳೆದ ದಾರದ ಉದ್ದ. ಬೆಂಗಳೂರಿನಿಂದ ಸಿಂಗಪುರಕ್ಕೆ ಆ ದಾರ ಸುಮಾರು ೩,೨೦೦ ಕಿಲೋಮೀಟರು. ಭೂಪಟದ ಹಾಳೆಯಲ್ಲಿ ಅಡ್ಡಗೆರೆ ಎಳೆದು ನೋಡುವವನಿಗೆ ಈ ದಾರ ಕೆಲವೊಮ್ಮೆ ವಿಚಿತ್ರವಾಗಿ ಕಾಣುತ್ತದೆ. ೨೦೨೧ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಿಂದ ಹೊರಟು ಮಹಿಳೆಯರೇ ನಡೆಸಿಕೊಂಡು ಬಂದ ಏರ್ ಇಂಡಿಯಾ ವಿಮಾನ ಉತ್ತರ ಧ್ರುವದ ಮೇಲಿನಿಂದ ಹಾದು ದೇವನಹಳ್ಳಿಗೆ ಇಳಿಯಿತು. ಹೆಚ್ಚು ಕಡಿಮೆ ಹದಿನಾಲ್ಕು ಸಾವಿರ ಕಿಲೋಮೀಟರು. ಹದಿನೇಳು ಗಂಟೆಯ ಹಾರಾಟ. ಸಿಂಗಪುರದ ನಾಲ್ಕೂವರೆ ಗಂಟೆ ಅದರ ಮುಂದೆ ಏನೂ ಅಲ್ಲ. ಆದರೂ ಆ ನಾಲ್ಕೂವರೆ ಗಂಟೆಯೂ ನಂಬಿಕೆಗೆ ಅರ್ಹವಾದ ಅಳತೆಯಲ್ಲ. ಗಾಳಿ ಎದುರಾದರೆ ಹೆಚ್ಚುತ್ತದೆ, ಹಿಂದಿನಿಂದ ಬೀಸಿದರೆ ತಗ್ಗುತ್ತದೆ. ಮೋಡ ಕವಿದರೆ ಸುತ್ತು. ಗಡಿಯಾರ ಬೇರೆ ಮೋಸ ಮಾಡುತ್ತದೆ. ಸಿಂಗಪುರ ನಮಗಿಂತ ಎರಡೂವರೆ ಗಂಟೆ ಮುಂದಿರುವುದರಿಂದ ಹೋಗುವಾಗ ಏಳು ಗಂಟೆ ಹಿಡಿದಂತೆಯೂ ಬರುವಾಗ ಎರಡೇ ಗಂಟೆಯಲ್ಲಿ ಬಂದಂತೆಯೂ ತೋರುತ್ತದೆ. ಹೊತ್ತಿನಿಂದ ದೂರವನ್ನು ಅಳೆಯಬೇಕಾದರೆ ಗಾಳಿಗೂ ಮೋಡಕ್ಕೂ ಜಗ್ಗದ, ಒಂದೇ ಹದದಲ್ಲಿ ಓಡುವ ದೂತನೊಬ್ಬ ಬೇಕು. ಅಂಥ ದೂತ ಆಕಾಶದಲ್ಲಿಲ್ಲ. ಕಾಲಿನ ಕೆಳಗೆ ಇದ್ದಾನೆ.

ಅವನ ಗುರುತು ಹಿಡಿದವರಲ್ಲಿ ಭಾರತದ ಭೂವೈಜ್ಞಾನಿಕ ಇಲಾಖೆಯಲ್ಲಿದ್ದ ಆರ್. ಡಿ. ಓಲ್ಡಮ್ ಮುಖ್ಯನಾದವನು. ೧೮೮೧ರ ಡಿಸೆಂಬರ್ ೩೧ರಂದು ಬಂಗಾಳ ಕೊಲ್ಲಿಯಲ್ಲಿ, ಕಾರ್ ನಿಕೋಬಾರಿನ ಬಳಿ ಭೂಮಿ ನಡುಗಿತು. ಆಗ ಬಂದರುಗಳಲ್ಲಿ ಕಡಲಿನ ಏರಿಳಿತವನ್ನು ಕಾಗದದ ಮೇಲೆ ಗೀಚುವ ಯಂತ್ರಗಳನ್ನು ಇಟ್ಟಿದ್ದರು. ಅವುಗಳನ್ನು ಇಟ್ಟವರು ಯಾರು? ಬೆಂಗಳೂರಿನಲ್ಲಿ ಸರಪಳಿ ಹಾಸಿ ಮೊದಲಾದ ಅದೇ ಸರ್ವೇ ಇಲಾಖೆಯವರು. ಕೊಲ್ಲಿಯ ಸುತ್ತಲಿನ ಆ ಕಾಗದಗಳಲ್ಲಿ, ಮದರಾಸಿನದರಲ್ಲಿಯೂ, ಉಬ್ಬರವಿಳಿತದ ಗೆರೆಯ ಮೇಲೆ ಹಲ್ಲು ಹಲ್ಲಾಗಿ ಬೇರೊಂದು ಅಲೆ ಮೂಡಿತ್ತು. ಅಲೆಯ ಎತ್ತರ ಒಂದು ಮೀಟರಿಗೂ ಕಡಿಮೆ, ಯಾರಿಗೂ ಅಪಾಯವಾಗಲಿಲ್ಲ. ಸರ್ವೇಯ ಮೇಜರ್ ರೋಜರ್ಸ್ ಆ ಕಾಗದಗಳನ್ನೆಲ್ಲ ತರಿಸಿ, ಅಲೆ ಎಲ್ಲಿ ಹುಟ್ಟಿ ಯಾವ ಊರನ್ನು ಎಷ್ಟು ಹೊತ್ತಿಗೆ ಮುಟ್ಟಿತೆಂದು ಲೆಕ್ಕ ಹಾಕಿದ. ಓಲ್ಡಮ್ಮನೂ ಆ ಕಂಪದ ಮೇಲೆ ಬರೆದ. ಕೊಲ್ಲಿಯ ಆಚೆಯ ದಡದಿಂದ ನಮ್ಮ ದಡಕ್ಕೆ ಕಡಲಿನ ಅಲೆ ಬರುವ ಹೊತ್ತು ನೂರು ವರ್ಷಗಳಿಗೂ ಬಹಳ ಹಿಂದೆಯೇ ನಮ್ಮ ಸರ್ಕಾರಿ ವರದಿಯಲ್ಲಿ ಅಚ್ಚಾಗಿತ್ತು ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮುಂದೆ ಈ ಮಾತು ಬೇಕಾಗುತ್ತದೆ.

೧೮೯೭ರ ಜೂನ್ ೧೨ರಂದು ಅಸ್ಸಾಮಿನ ಮಹಾಭೂಕಂಪವಾಯಿತು. ಶಿಲ್ಲಾಂಗ್ ನೆಲಸಮವಾಯಿತು. ಅದರ ಅದಿರು ಭೂಮಿಯ ಒಳಗಿನಿಂದ ಹಾದು ಯೂರೋಪಿನ ಯಂತ್ರಗಳನ್ನು ಅಲುಗಿಸಿತ್ತು. ಆ ದಾಖಲೆಗಳನ್ನು ಮುಂದಿಟ್ಟುಕೊಂಡು ಓಲ್ಡಮ್ ತೋರಿಸಿಕೊಟ್ಟದ್ದು ಇದು: ಭೂಕಂಪದಿಂದ ಹೊರಡುವ ಅಲೆ ಒಂದಲ್ಲ. ಎಲ್ಲಕ್ಕಿಂತ ವೇಗವಾಗಿ ಒಂದು ಓಡಿಬರುತ್ತದೆ. ಅದರ ಹಿಂದೆ ನಿಧಾನವಾಗಿ ಇನ್ನೊಂದು. ಎಲ್ಲಕ್ಕೂ ಕೊನೆಗೆ ನೆಲದ ಮೇಲ್ಮೈಯಲ್ಲಿ ಉರುಳುತ್ತ ಬರುವವು. ಮೊದಲ ಎರಡರ ನಡುವಿನ ಬಿಡುವು ದೂರ ಹೆಚ್ಚಿದಂತೆ ಹೆಚ್ಚುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ 'ಸಿಡಿಲು ಇಷ್ಟು ದೂರದಲ್ಲಿ ಬಿತ್ತು' ಎಂದು ಮಕ್ಕಳು ಹೇಳುವುದಿಲ್ಲವೆ? ಉಪಾಯ ಅದೇ. ಯಾವ ದೂರಕ್ಕೆ ಎಷ್ಟು ಹೊತ್ತು ಎಂಬ ಕೋಷ್ಟಕವನ್ನು ೧೯೪೦ರಲ್ಲಿ ಜೆಫ್ರೀಸ್ ಮತ್ತು ಬುಲೆನ್ ಎಂಬ ವಿದ್ವಾಂಸರು ಅಚ್ಚುಕಟ್ಟಾಗಿ ಪ್ರಕಟಿಸಿದರು.

ಈಗ ಗೌರಿಬಿದನೂರಿಗೆ ಬರೋಣ. ೧೯೬೩ರಲ್ಲಿ ಅಣುಬಾಂಬಿನ ಪರೀಕ್ಷೆಗಳನ್ನು ಗಾಳಿಯಲ್ಲಿ, ನೀರಿನಲ್ಲಿ, ಅಂತರಿಕ್ಷದಲ್ಲಿ ನಡೆಸಕೂಡದೆಂದು ಒಪ್ಪಂದವಾಯಿತು. ನೆಲದೊಳಗೆ ನಡೆಸುವುದನ್ನು ಮಾತ್ರ ಬಿಟ್ಟರು. ಏಕೆಂದರೆ ಅದು ಭೂಕಂಪವೋ ಬಾಂಬೋ ಎಂದು ಹೇಳುವ ಬಗೆ ಆಗ ಗಟ್ಟಿಯಾಗಿರಲಿಲ್ಲ. ಅದನ್ನು ಗಟ್ಟಿಮಾಡುವುದಕ್ಕೆ ಬ್ರಿಟನ್ನಿನ ಪರಮಾಣು ಶಕ್ತಿ ಸಂಸ್ಥೆಯವರು ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಭೂಕಂಪಮಾಪಕಗಳ ಸಾಲುಗಳನ್ನು ನೆಟ್ಟರು. ಅದೇ ಬಗೆಯದೊಂದನ್ನು ನಮ್ಮ ಪರಮಾಣು ಶಕ್ತಿ ಇಲಾಖೆಯವರು ಅವರ ಸಹಕಾರದಿಂದ ೧೯೬೫ರಲ್ಲಿ ಗೌರಿಬಿದನೂರಿನಲ್ಲಿ ನೆಟ್ಟರು. ಇಲ್ಲಿಯೇ ಏಕೆ? ಕಡಲಿನ ದಡದಲ್ಲಿ ನೆಲ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ತೆರೆಗಳ ಹೊಡೆತಕ್ಕೆ ಸದಾ ನಡುಗುತ್ತಿರುತ್ತದೆ. ನಮ್ಮದು ಎರಡು ಕಡಲುಗಳಿಗೂ ದೂರವಾದ, ಬಹು ಪುರಾತನವಾದ ಗಟ್ಟಿ ಬಂಡೆಯ ನೆಲ. ಬೆಳೆ ತೆಗೆಯುವ ರೈತನಿಗೆ ಈ ಬಂಡೆ ಶಾಪ. ಕಿವಿಗೊಟ್ಟು ಕೇಳುವವನಿಗೆ ಇದಕ್ಕಿಂತ ಒಳ್ಳೆಯ ಮೌನ ಸಿಕ್ಕಲಾರದು.

ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ ಎರಡು ತೋಳು. ಒಂದೊಂದು ತೋಳೂ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದ. ಒಂದೊಂದರಲ್ಲಿಯೂ ಹತ್ತು ಹತ್ತು ಮಾಪಕಗಳು. ದೂರದಿಂದ ಬಂದ ಅಲೆ ಈ ಇಪ್ಪತ್ತನ್ನೂ ಒಂದೇ ಕ್ಷಣದಲ್ಲಿ ಮುಟ್ಟುವುದಿಲ್ಲ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಎರಡು ಸೆಕೆಂಡಿನ ಆಸುಪಾಸು ಕಳೆಯುತ್ತದೆ. ಯಾವ ಮಾಪಕ ಮೊದಲು ಅಲುಗಿತು, ಯಾವುದು ಕೊನೆಗೆ ಎಂಬುದರಿಂದ ಅಲೆ ಬಂದ ದಿಕ್ಕು ತಿಳಿಯುತ್ತದೆ. ಎಷ್ಟು ಬೇಗ ಹಾದುಹೋಯಿತು ಎಂಬುದರಿಂದ ದೂರ. ಹಳ್ಳಿಯ ಅಜ್ಜ ಹೊತ್ತಿನಿಂದ ದೂರ ಹೇಳುತ್ತಿದ್ದನಲ್ಲ, ಅದೇ ವಿದ್ಯೆ. ಅವನ ಬೀಡಿಯ ಬದಲು ಸೆಕೆಂಡಿನ ತುಣುಕು.

ಚೀನಾದ ಅಣುಪರೀಕ್ಷೆಗಳ ನೆಲೆ ಲೋಪ್ ನೋರ್. ನೆಲದೊಳಗಿನ ಮೊದಲ ಪರೀಕ್ಷೆಯನ್ನು ಅಲ್ಲಿ ೧೯೬೯ರಲ್ಲಿ, ಕೊನೆಯದನ್ನು ೧೯೯೬ರಲ್ಲಿ ನಡೆಸಿದರು. ಗೌರಿಬಿದನೂರಿನಿಂದ ಲೋಪ್ ನೋರಿಗೆ ಸುಮಾರು ೩,೩೦೦ ಕಿಲೋಮೀಟರು, ಹೆಚ್ಚು ಕಡಿಮೆ ಸಿಂಗಪುರದಷ್ಟೇ. ವಿಮಾನಕ್ಕೆ ನಾಲ್ಕು ಗಂಟೆಗೂ ಮೇಲೆ ಬೇಕಾಗುವ ಆ ದೂರವನ್ನು ಭೂಮಿಯೊಳಗಿನ ಮೊದಲ ಅಲೆ ಆರು ನಿಮಿಷ ಚಿಲ್ಲರೆಯಲ್ಲಿ ಮುಗಿಸುತ್ತದೆ. ರಷ್ಯನ್ನರು ಪರೀಕ್ಷೆ ನಡೆಸುತ್ತಿದ್ದ ಸೆಮಿಪಲಾಟಿನ್ಸ್ಕಿನಿಂದಾದರೆ ಏಳು ನಿಮಿಷ ಚಿಲ್ಲರೆ. ವಿಮಾನದ ದಾರಿ ಭೂಮಿಯ ಬೆನ್ನಿನ ಮೇಲೆ ಬಿಲ್ಲಿನಂತೆ ಉಬ್ಬಿದ್ದರೆ, ಅಲೆಯ ದಾರಿ ಎರಡು ಕಂಬಗಳಿಗೆ ಕಟ್ಟಿದ ಜೋಲಿಯಂತೆ ಕೆಳಗೆ ಜಗ್ಗಿರುತ್ತದೆ. ಆಳಕ್ಕೆ ಹೋದಂತೆಲ್ಲ ಕಲ್ಲು ಬಿಗಿಯಾಗಿ ಅಲೆ ಬೇಗ ಓಡುವುದರಿಂದ, ನೂರಾರು ಕಿಲೋಮೀಟರು ಇಳಿದು ಹತ್ತುವುದೇ ಅದಕ್ಕೆ ಹತ್ತಿರದ ದಾರಿ. ಹಿಮಾಲಯ ಅದಕ್ಕೆ ಅಡ್ಡಿಯೇ ಅಲ್ಲ. ಗಡಿಯ ಠಾಣೆಯೂ ಅಲ್ಲ. ಇಲ್ಲಿಯೇ ಇನ್ನೊಂದು ಸಂಗತಿ: ೧೯೭೦ರ ದಶಕದಲ್ಲಿ ಗೌರಿಬಿದನೂರಿನಲ್ಲಿ ರೇಡಿಯೋ ದೂರದರ್ಶಕವೂ ಬಂತು. ಸೂರ್ಯನಿಂದ ಹೊರಟ ರೇಡಿಯೋ ಅಲೆ ಅದನ್ನು ಮುಟ್ಟುವುದಕ್ಕೆ ಎಂಟು ನಿಮಿಷ ಚಿಲ್ಲರೆ. ಹೊತ್ತಿನ ಲೆಕ್ಕವನ್ನೇ ನಂಬಿದರೆ ನಮ್ಮೂರಿಗೆ ಚೀನಾಕ್ಕಿಂತ ಸೂರ್ಯ ಎರಡು ನಿಮಿಷವಷ್ಟೇ ದೂರ!

೨೦೦೪ರ ಡಿಸೆಂಬರ್ ೨೬, ಭಾನುವಾರ. ಸುಮಾತ್ರಾದ ಪಡುವಣ ಕಡಲಿನಲ್ಲಿ ನಮ್ಮ ಗಡಿಯಾರದ ಪ್ರಕಾರ ಬೆಳಗಿನ ೬ ಗಂಟೆ ೨೮ ನಿಮಿಷ ೫೩ ಸೆಕೆಂಡಿಗೆ ಭೂಮಿ ಬಿರಿಯಿತು. ಅಲ್ಲಿಂದ ಗೌರಿಬಿದನೂರಿಗೆ ಸುಮಾರು ೨,೩೦೦ ಕಿಲೋಮೀಟರು. ಕೋಷ್ಟಕದ ಲೆಕ್ಕದಂತೆ ಮೊದಲ ಅಲೆ ಇಲ್ಲಿಯ ಬಂಡೆಯನ್ನು ಮುಟ್ಟುವುದು ಐದು ನಿಮಿಷದೊಳಗೆ, ಅಂದರೆ ೬ ಗಂಟೆ ೩೩ ನಿಮಿಷ ದಾಟುವ ಹೊತ್ತಿಗೆ. ಊರಿನಲ್ಲಿ ಹಾಲಿನವರು ಓಡಾಡುವ ಸಮಯ. ಆ ಕ್ಷಣದಲ್ಲಿ ಅಲ್ಲಿ ಭೂಮಿ ಬಿರಿಯುವುದು ಇನ್ನೂ ನಿಂತಿರಲಿಲ್ಲ. ಸುಮಾತ್ರಾದಿಂದ ಅಂಡಮಾನಿನ ಕಡೆಗೆ ಸಾವಿರದ ಇನ್ನೂರು ಕಿಲೋಮೀಟರಿಗೂ ಹೆಚ್ಚು ಉದ್ದ ಸೀಳು ಹರಿಯುತ್ತ ಹೋಗಿ, ಮುಗಿಯಲು ಎಂಟು ನಿಮಿಷಕ್ಕೂ ಮೇಲೆ ಹಿಡಿಯಿತು. ಓಡಿಬಂದ ದೂತ ಸುದ್ದಿಯ ತಲೆಯನ್ನು ಮುಟ್ಟಿಸುವಾಗ ಸುದ್ದಿಯ ಬಾಲ ಇನ್ನೂ ಹುಟ್ಟುತ್ತಿತ್ತು. ಪೆಸಿಫಿಕ್ ಸಾಗರದ ಎಚ್ಚರಿಕೆ ಕೇಂದ್ರದವರು ಕಾಲುಗಂಟೆಯಲ್ಲಿ ಹೊರಡಿಸಿದ ಮೊದಲ ಪ್ರಕಟಣೆಯಲ್ಲಿ ಕಂಪದ ಪ್ರಮಾಣವನ್ನು ೮.೦ ಎಂದು ಕಡಿಮೆ ಎಣಿಸಿದ್ದಕ್ಕೆ ಇದೂ ಒಂದು ಕಾರಣ. ಅದು ೯.೧ ಎಂದು ಆಮೇಲೆ ಗೊತ್ತಾಯಿತು.

ಕಡಲಿನ ಅಲೆ ಬೇರೆಯ ಓಟಗಾರ. ನಾಲ್ಕು ಕಿಲೋಮೀಟರು ಆಳದ ನೀರಿನಲ್ಲಿ ಅದು ಗಂಟೆಗೆ ಏಳುನೂರು ಕಿಲೋಮೀಟರಿನಂತೆ ಸಾಗುತ್ತದೆ. ವಿಮಾನದ ವೇಗ ಎನ್ನಬೇಕು. ಸುಮಾತ್ರಾದ ಬಂದಾ ಆಚೆ ಪಟ್ಟಣದಿಂದ ಮದರಾಸಿಗೆ ದಾರ ಎಳೆದರೆ ಸುಮಾರು ೧,೮೫೦ ಕಿಲೋಮೀಟರು. ವಿಮಾನ ಹಾರಿದ್ದರೆ ಎರಡೂವರೆ ಗಂಟೆಯ ಆಸುಪಾಸು. ಅಂದು ಅಲೆಗೂ ಬೇಕಾದದ್ದು ಅಷ್ಟೇ. ಬಂದಾ ಆಚೆಯನ್ನು ಅದು ಅರ್ಧ ಗಂಟೆಯೊಳಗೆ ನುಂಗಿತ್ತು. ಕಾರ್ ನಿಕೋಬಾರಿನ ನಮ್ಮ ವಾಯುನೆಲೆಯೂ ಮುಳುಗಿತು. ಮದರಾಸಿನ ಮರೀನಾದಲ್ಲಿ, ನಾಗಪಟ್ಟಣದ ಮೀನುಗಾರರ ಕೇರಿಗಳಲ್ಲಿ, ಕ್ರಿಸ್‌ಮಸ್ಸಿನ ಮರುದಿನ ವೇಲಾಂಕಣ್ಣಿಗೆ ಬಂದಿದ್ದ ಯಾತ್ರಿಕರ ನಡುವೆ ಅದು ಏರಿದ್ದು ಒಂಬತ್ತು ಗಂಟೆಯ ಸುಮಾರಿಗೆ. ನಾಗಪಟ್ಟಣ ಜಿಲ್ಲೆಯೊಂದರಲ್ಲಿಯೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು.

ಬಂಡೆಯೊಳಗಿನ ದೂತನಿಗೂ ನೀರಿನ ಮೇಲಿನ ಮೃತ್ಯುವಿಗೂ ನಡುವೆ ಎರಡು ಗಂಟೆ ಇಪ್ಪತ್ತೈದು ನಿಮಿಷಗಳಿಗೂ ಹೆಚ್ಚು ಬಿಡುವಿತ್ತು. ನಾಗಪಟ್ಟಣದ ಮಗು ಕೂಡ ಕಡಲಿನಿಂದ ಒಂದು ಹರದಾರಿ ಒಳಕ್ಕೆ ನಡೆದು ಹೋಗಬಹುದಾಗಿದ್ದಷ್ಟು ಬಿಡುವು. ದೂರ ಗೊತ್ತಿತ್ತು, ಲ್ಯಾಂಬ್ಟನ್ನನ ಕಾಲದಿಂದ ಅಳೆದಿದ್ದರು. ಕೊಲ್ಲಿಯನ್ನು ಅಲೆ ದಾಟುವ ಹೊತ್ತು ಗೊತ್ತಿತ್ತು; ೧೮೮೧ರ ಕಾಗದಗಳಿಂದ ಲೆಕ್ಕ ಹಾಕಿದ್ದರು. ಕಂಪ ಬಂದದ್ದಂತೂ ದೇಶದ ಮಾಪಕಗಳಿಗೆಲ್ಲ ಗೊತ್ತಾಯಿತು. ಮಾಪಕವನ್ನು ನೋಡುವವನಿಂದ ದಡದಲ್ಲಿ ಬಲೆ ಹೆಣೆಯುವವನಿಗೆ ಮಾತು ಮುಟ್ಟಿಸುವ ಏರ್ಪಾಡು ಮಾತ್ರ ಇರಲಿಲ್ಲ. ಪೆಸಿಫಿಕ್ಕಿನವರಿಗೆ ಅದು ೧೯೪೯ರಿಂದ ಇತ್ತು. ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಇಲ್ಲಿ ದೊಡ್ಡ ಅಲೆ ಅಪರೂಪ, ಆದ್ದರಿಂದ ಬೇಡ ಎಂದಿದ್ದರು. ಅಪರೂಪ ಎಂಬ ಮಾತು ದೂರದಂತೆಯೇ. ಅಂಕಿಯಲ್ಲಿ ದೊಡ್ಡದಾಗಿ ಕಂಡರೂ ಒಂದು ಬೆಳಿಗ್ಗೆ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತದೆ.

ಕನ್ನಡ ಪಾಠ ಹೇಳುವವನಾದ ನನಗೆ ಈ ಕಥೆಯಲ್ಲಿ ಮರೆಯಲಾಗದ ಭಾಗ ಬೇರೊಂದಿದೆ. ಭೂಮಿ ಬಿರಿದ ಜಾಗಕ್ಕೆ ತೀರ ಹತ್ತಿರದಲ್ಲಿ ಸಿಮೆಲುವೆ ಎಂಬ ದ್ವೀಪವಿದೆ. ಅಲ್ಲಿಗೆ ಅಲೆ ಬರಲು ಹತ್ತು ನಿಮಿಷವೂ ಹಿಡಿಯಲಿಲ್ಲವಂತೆ. ಯಾವ ಕೇಂದ್ರದ ಪ್ರಕಟಣೆಯೂ ಅಷ್ಟರಲ್ಲಿ ಮುಟ್ಟಲಾರದು. ಆದರೂ ಎಪ್ಪತ್ತು ಸಾವಿರಕ್ಕೆ ಮೀರಿದ ಜನರಿದ್ದ ಆ ದ್ವೀಪದಲ್ಲಿ ಸತ್ತವರು ಏಳು ಮಂದಿ. ೧೯೦೭ರಲ್ಲಿ ಅಲ್ಲಿ ಇಂಥದೇ ಅಲೆ ಬಂದು ಊರುಗಳನ್ನು ಕೊಚ್ಚಿತ್ತು. ಬದುಕುಳಿದವರು ಅದಕ್ಕೆ 'ಸ್ಮೋಂಗ್' ಎಂದು ಹೆಸರಿಟ್ಟು, ಕಥೆಯಲ್ಲಿ ಹಾಡಿನಲ್ಲಿ ಮಕ್ಕಳಿಗೆ ಕಲಿಸುತ್ತ ಬಂದರು: ನೆಲ ಜೋರಾಗಿ ನಡುಗಿ, ಕಡಲು ಹಿಂದಕ್ಕೆ ಸರಿದರೆ, ಏನನ್ನೂ ಎತ್ತಿಕೊಳ್ಳದೆ ಗುಡ್ಡಕ್ಕೆ ಓಡಬೇಕು. ೨೦೦೪ರಲ್ಲಿ ಯಾರೋ ಆ ಒಂದು ಮಾತನ್ನು ಕೂಗಿದರು. ಊರಿಗೆ ಊರೇ ಗುಡ್ಡ ಹತ್ತಿತು. ನಮ್ಮ ಕೂಗಳತೆಯಂಥದೇ ಒಂದು ಮಾತು ಅದು. ನೂರು ವರ್ಷಗಳಷ್ಟು ಹಿಂದಿನಿಂದ ಕೂಗಿದ್ದು ಕೇಳಿಸಿತು.

ನಮ್ಮ ದೇಶದ ಸುನಾಮಿ ಎಚ್ಚರಿಕೆ ಕೇಂದ್ರ ಹೈದರಾಬಾದಿನಲ್ಲಿ ೨೦೦೭ರ ಅಕ್ಟೋಬರಿನಲ್ಲಿ ಕೆಲಸಕ್ಕೆ ತೊಡಗಿತು. ಕಡಲಿನ ತಳದಲ್ಲಿ ನೀರಿನ ಒತ್ತಡ ಅಳೆಯುವ ಯಂತ್ರಗಳನ್ನಿಟ್ಟರು, ಬಂದರುಗಳಲ್ಲಿ ಹೊಸ ಉಬ್ಬರಮಾಪಕಗಳನ್ನು ನೆಟ್ಟರು. ಅದರ ದೊಡ್ಡ ಪರೀಕ್ಷೆ ೨೦೧೨ರ ಏಪ್ರಿಲ್ ೧೧ರಂದು ಬಂತು. ಮಧ್ಯಾಹ್ನ ಎರಡು ಗಂಟೆ ಎಂಟು ನಿಮಿಷಕ್ಕೆ ಅದೇ ಸುಮಾತ್ರಾದ ಕಡಲಿನಲ್ಲಿ ೮.೬ರ ಕಂಪ. ಬೆಂಗಳೂರಿನಲ್ಲಿಯೂ ಎತ್ತರದ ಕಟ್ಟಡಗಳು ತೂಗಿದವು. ಆಫೀಸುಗಳಿಂದ ಜನ ರಸ್ತೆಗೆ ಇಳಿದರು. ಕೆಲವೇ ನಿಮಿಷಗಳಲ್ಲಿ ಹೈದರಾಬಾದಿನಿಂದ ಕರಾವಳಿಗೆ ಎಚ್ಚರಿಕೆ ಹೋಯಿತು. ಮರೀನಾದ ಮರಳಿನಿಂದ ಪೊಲೀಸರು ಜನರನ್ನು ಎಬ್ಬಿಸಿ ಕಳಿಸಿದರು. ಆ ಸಲ ಕಡಲಿನ ತಳ ಮೇಲಕ್ಕೆ ಏಳದೆ ಪಕ್ಕಕ್ಕೆ ಜರುಗಿದ್ದರಿಂದ ನೀರು ಎತ್ತಿ ಬರಲಿಲ್ಲ. ದಡದಲ್ಲಿ ಕಾಯುತ್ತಿದ್ದವರು ಗಡಿಯಾರ ನೋಡುತ್ತ ಎರಡೂವರೆ ಗಂಟೆ ಕಳೆದರು, ಮೂರು ಗಂಟೆ ಕಳೆದರು. ಸಂಜೆಗೆ ಎಚ್ಚರಿಕೆಯನ್ನು ಹಿಂದಕ್ಕೆ ತೆಗೆದುಕೊಂಡ ಸುದ್ದಿ ಬಂತು.